ನಮ್ಮ ಹನುಮಪ್ಪ ತಲೆಕೆಳಗಾಗುತ್ತಾನೆ, 1941ರ ಸಿನಿಮಾದ ನಾಯಕ ಹೇಗೆ ನೆಟ್ಟಗೆ ಹಾರಿದ?

ಓಣಿಯ_ಪೆಂಡಾಲಿನವ (ಹುಬ್ಬಳ್ಳಿ)

ಹೋದ ವರ್ಷ ನಮ್ಮ ಓಣಿಯ ಗಣಪ್ಪನ ಪೆಂಡಾಲಿನಲ್ಲಿ ಹನುಮಪ್ಪ ಸಂಜೀವಿನಿ ಗುಡ್ಡ ಹೊತ್ತು ಹಾರಿ ಬರುವ ದೃಶ್ಯ ಮಾಡಿದ್ದೆವು. ಮೂವತ್ತು ಅಡಿ ತಂತಿ, ಮೂರ್ತಿಯ ನಡುವಿಗೆ ಒಂದು ಕೊಂಡಿ, ಎಳೆಯಲು ಸುತಳಿ. ಮೊದಲ ದಿನ ಹೇಗೋ ದಾಟಿದ. ಎರಡನೆಯ ಸಂಜೆ ಅರ್ಧ ದಾರಿಯಲ್ಲಿ ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ನಿಂತುಬಿಟ್ಟ. ಗುಡ್ಡ ಕಳಚಿ ಕೆಳಗೆ ಮಲಗಿದ್ದ ಲಕ್ಷ್ಮಣನ ಎದೆಯ ಮೇಲೆಯೇ ಬಿತ್ತು. ಓಣಿಯ ಹುಡುಗರು ಈಗಲೂ ನನ್ನನ್ನು ಕಂಡರೆ ಎರಡೂ ಕೈ ಚಾಚಿ ಮುಗ್ಗರಿಸಿ ತೋರಿಸುತ್ತಾರೆ.

ಮೊನ್ನೆ ಅಕ್ಕನ ಮಗ ಮೊಬೈಲ್‌ನಲ್ಲಿ ‘ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಮಾರ್ವೆಲ್’ ಎಂಬ ಹಳೆಯ ಅಮೆರಿಕನ್ ಧಾರಾವಾಹಿ ಚಿತ್ರ ತೋರಿಸಿದ. 1941ರದು, ಹನ್ನೆರಡು ಕಂತು. ಕಥೆ ಅಷ್ಟಕ್ಕಷ್ಟೇ: ಸಯಾಮಿನ (ಈಗಿನ ಥಾಯ್ಲೆಂಡ್) ಗೋರಿಯಲ್ಲಿ ಸಿಕ್ಕ ಚಿನ್ನದ ಚೇಳು, ಅದರ ಮಸೂರಗಳಿಗೆ ಹೊಂಚು ಹಾಕುವ ಮುಸುಕುಧಾರಿ ಖಳ. ಆದರೆ ನಾಯಕ ಆಕಾಶದಲ್ಲಿ ಹಾರುವುದನ್ನು ನೋಡಿ ನನ್ನ ಚಹಾ ಆರಿಹೋಯಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟು ಸ್ಥಿರವಾಗಿ ಹಾರಿಸಿದ್ದು ಹೇಗೆ? ಚೌತಿಗೆ ಇನ್ನು ಐದು ವಾರ ಉಳಿದಿದೆ. ತಿಳಿದವರು ಹೇಳಿ.

ಸುಮ್ಮನೆ_ಓದುವವ (ಹಾವೇರಿ)

ಮನುಷ್ಯನನ್ನು ಸ್ಟುಡಿಯೊದಲ್ಲಿ ಮಲಗಿಸಿ ಚಿತ್ರ ತೆಗೆದು, ಆಕಾಶದ ಚಿತ್ರದ ಮೇಲೆ ಕೂಡಿಸಿರುತ್ತಾರೆ. ಪೆಂಡಾಲಿನಲ್ಲಿ ಅದು ಆಗದು. ಈ ಸಲ ಹನುಮಪ್ಪನನ್ನು ನಿಲ್ಲಿಸಿಯೇ ಬಿಡಿ.

ಪರದೆ_ಎಳೆದವ (ಗದಗ)

ಹಾವೇರಿಯವರೇ, ನೀವು ಹೇಳುವ ಹಾರಾಟದಲ್ಲಿ ಕೂಡಿಸಿದ್ದು ಕಡಿಮೆ, ಬಯಲಿನಲ್ಲಿ ನಿಜವಾಗಿಯೂ ಹಾರಿಸಿದ್ದು ಹೆಚ್ಚು. ನಾನು ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಪರದೆ ಎಳೆದವನು. ದೇವತೆಗಳನ್ನು ಇಳಿಸಿದ್ದೇನೆ, ರಾಕ್ಷಸರನ್ನು ಹತ್ತಿಸಿದ್ದೇನೆ, ಒಮ್ಮೆ ನಾರದರನ್ನು ಅರ್ಧಕ್ಕೆ ನೇತುಬಿಟ್ಟು ಮಾಲೀಕರಿಂದ ಬೈಸಿಕೊಂಡಿದ್ದೇನೆ. ಆದ್ದರಿಂದ ಇದರ ಮರ್ಮ ಹುಡುಕಿ ತಿಳಿದುಕೊಂಡೆ.

ಅದನ್ನು ಮಾಡಿದವರು ರಿಪಬ್ಲಿಕ್ ಸ್ಟುಡಿಯೊದ ಹವರ್ಡ್ ಮತ್ತು ಥಿಯೊಡೋರ್ ಲೈಡೆಕರ್ ಎಂಬ ಅಣ್ಣತಮ್ಮಂದಿರು. ಹಾರಿದ್ದು ಗೊಂಬೆ. ಉದ್ದ ಸುಮಾರು ಏಳು ಅಡಿ, ಅಂದರೆ ಮನುಷ್ಯನಿಗಿಂತ ದೊಡ್ಡದು. ತೂಕ ಮಾತ್ರ ಏಳು ಕಿಲೋದ ಒಳಗೆ! ಕಾಗದವನ್ನು ಅಂಟಿನಲ್ಲಿ ಅರೆದು ಮಾಡಿದ ಮೈ, ತೆಳು ರೇಷ್ಮೆ ಮತ್ತು ಹತ್ತಿಯ ಉಡುಪು. ಎರಡೂ ಹೆಗಲಿಗೆ, ಎರಡೂ ಮೀನಖಂಡಕ್ಕೆ ಒಂದೊಂದು ಗಡಗಡಿ, ಒಟ್ಟು ನಾಲ್ಕು. ಜೋಡಿ ತಂತಿಗಳು ಎತ್ತರದಿಂದ ತಗ್ಗಿಗೆ. ಬಿಟ್ಟರೆ ತನ್ನ ಭಾರದಿಂದ ತಾನೇ ಜಾರಿಕೊಂಡು ಹೋಗುತ್ತಿತ್ತು. ನಿಮ್ಮ ತಪ್ಪು ಇರುವುದು ಇಲ್ಲಿಯೇ. ಒಂದೇ ತಂತಿ, ಒಂದೇ ಕೊಂಡಿ ಎಂದರೆ ತಕ್ಕಡಿಯ ದಂಡಿಗೆಯಂತೆ, ಯಾವ ಕಡೆ ಭಾರವೋ ಆ ಕಡೆ ಮುಖ. ಕೈಯಲ್ಲಿ ಗುಡ್ಡ ಬೇರೆ ಕೊಟ್ಟಿದ್ದೀರಿ, ತಲೆ ಕೆಳಗಾಗದೆ ಇನ್ನೇನಾಗುತ್ತದೆ? ಹೆಗಲು ಮತ್ತು ಕಾಲು ಎರಡನ್ನೂ ಹಿಡಿದರೆ ಮುಗ್ಗರಿಸುವುದಿಲ್ಲ. ಎಡ ಬಲ ಎರಡನ್ನೂ ಹಿಡಿದರೆ ಮಗ್ಗಲು ತಿರುಗುವುದಿಲ್ಲ.

ಸುತಳಿಯಿಂದ ಎಳೆಯುವುದನ್ನೂ ಬಿಡಿ. ಎಳೆತಕ್ಕೆ ಜಗ್ಗು ಬರುತ್ತದೆ, ಜಗ್ಗಿದರೆ ಮೂರ್ತಿ ಕುಣಿಯುತ್ತದೆ. ಇಳಿಜಾರು ಕೊಡಿ, ಅದೇ ಕರೆದುಕೊಂಡು ಹೋಗುತ್ತದೆ. ನಿಮ್ಮ ಹನುಮಪ್ಪನ ತೂಕ ಎಷ್ಟು?

ಓಣಿಯ_ಪೆಂಡಾಲಿನವ (ಹುಬ್ಬಳ್ಳಿ)

ಕಾಕಾ, ಅದು ಪ್ಲಾಸ್ಟರ್. ಇಪ್ಪತ್ತೆರಡು ಕಿಲೋ. ಗುಡ್ಡ ಬಿಟ್ಟು. ಇನ್ನೊಂದು ಸಂಶಯ: ಸಿನಿಮಾದಲ್ಲಿ ಆತ ಕೆಳಗಿನಿಂದ ಮೇಲಕ್ಕೂ ಹಾರುತ್ತಾನಲ್ಲ, ಇಳಿಜಾರಿನಲ್ಲಿ ಅದು ಹೇಗೆ?

ಹಳೆಯ_ರೀಲು (ಧಾರವಾಡ)

ಅದಕ್ಕೆ ನಾನು ಉತ್ತರಿಸುತ್ತೇನೆ. ಗೊಂಬೆಯ ಬೆನ್ನಿನ ಮೇಲುವಸ್ತ್ರಕ್ಕೆ ಭಾರ ಕಟ್ಟಿ, ಕಾಲು ಮುಂದಾಗಿ ಕೆಳಕ್ಕೆ ಜಾರಿಸಿ, ಆ ಚಿತ್ರಿಕೆಯನ್ನು ಹಿಂದುಮುಂದಾಗಿ ಓಡಿಸಿದರು. ಪೆಂಡಾಲಿನಲ್ಲಿ ನಿಮಗೆ ಆ ಅನುಕೂಲವಿಲ್ಲ. ಹನುಮಪ್ಪ ಹಿಮಾಲಯದಿಂದ ಲಂಕೆಗೆ ತಾನೇ ಬರುವುದು, ಇಳಿಜಾರು ಸರಿಯಾಗಿಯೇ ಇದೆ.

ಗೊಂಬೆ ಒಂದರಿಂದಲೇ ಕಣ್ಣು ಮೋಸ ಹೋಗುವುದಿಲ್ಲ ಎಂಬುದನ್ನೂ ನೆನಪಿಡಿ. ನಾಯಕನ ಪಾತ್ರ ಟಾಮ್ ಟೈಲರ್‌ನದು. ಆದರೆ ನೆಲದಿಂದ ಚಿಮ್ಮುವುದು, ಧುಮುಕುವುದು ಡೇವಿಡ್ ಶಾರ್ಪ್ ಎಂಬ ಸಾಹಸಗಾರ. ಚಿಮ್ಮುವಾಗ ಮನುಷ್ಯ, ಆಕಾಶದಲ್ಲಿ ಗೊಂಬೆ, ಇಳಿಯುವಾಗ ಮತ್ತೆ ಮನುಷ್ಯ. ನಿರ್ದೇಶಕರು ಇಬ್ಬರು, ವಿಲಿಯಂ ವಿಟ್ನಿ ಮತ್ತು ಜಾನ್ ಇಂಗ್ಲಿಷ್. ಹೊಡೆದಾಟವನ್ನು ಒಂದೇ ಗದ್ದಲವಾಗಿ ತೆಗೆಯದೆ ಒಂದೊಂದು ಏಟಾಗಿ ಬಿಡಿಸಿ ತೆಗೆಯುವ ಪದ್ಧತಿ ವಿಟ್ನಿಯದು. ನೃತ್ಯ ಸಂಯೋಜಕ ಬಸ್ಬಿ ಬರ್ಕ್ಲಿ ಹಾಡಿನ ದೃಶ್ಯವನ್ನು ತುಂಡು ತುಂಡಾಗಿ ತೆಗೆಯುವುದನ್ನು ಕಂಡು ಆತನಿಗೆ ಅದು ಹೊಳೆದಿತ್ತು.

ಲೈಡೆಕರ್‌ಗಳಿಗೂ ಮೊದಲ ಸಲಕ್ಕೇ ಒಲಿದ ವಿದ್ಯೆ ಇದಲ್ಲ. 1936ರ ‘ಡಾರ್ಕೆಸ್ಟ್ ಆಫ್ರಿಕಾ’ ಧಾರಾವಾಹಿಯಲ್ಲಿ ರೆಕ್ಕೆಯ ಮನುಷ್ಯರನ್ನು ಹಾರಿಸಿದ್ದರು, ಅಷ್ಟು ಚೆನ್ನಾಗಿ ಬರಲಿಲ್ಲ. ನೀವು ಒಂದು ವರ್ಷಕ್ಕೇ ಸೋತೆನೆನ್ನಬೇಡಿ. ಇನ್ನು 1948ರಲ್ಲಿ ಕೊಲಂಬಿಯಾ ಎಂಬ ಚಿತ್ರ ಕಂಪನಿಯವರು ಸೂಪರ್‌ಮ್ಯಾನ್ ಧಾರಾವಾಹಿ ತೆಗೆದಾಗ, ನಾಯಕ ಹಾರುವ ಹೊತ್ತಿಗೆ ಅವನನ್ನು ವ್ಯಂಗ್ಯಚಿತ್ರದಂತೆ ಬಿಡಿಸಿ ಓಡಿಸಿಬಿಟ್ಟರು. ನನಗೆ ಅದನ್ನು ಕಂಡರೆ ಇವತ್ತಿಗೂ ಸಿಟ್ಟು. ಗೊಂಬೆ ಗೊಂಬೆಯೇ ಆದರೂ ನಿಜವಾದ ಬಿಸಿಲಿನಲ್ಲಿ, ನಿಜವಾದ ಗಾಳಿಯಲ್ಲಿ ಹಾರಿತ್ತು.

ಓಣಿಯ_ಪೆಂಡಾಲಿನವ (ಹುಬ್ಬಳ್ಳಿ)

ಎಲ್ಲರಿಗೂ ಶರಣು. ಹತ್ತು ದಿನದ ವರದಿ: ಹಳೆಯ ಪತ್ರಿಕೆಗಳ ರದ್ದಿ ಎಂಟು ಕಿಲೋ ತಂದು, ಮೈದಾ ಅಂಟಿನಲ್ಲಿ ಬಿದಿರಿನ ಚೌಕಟ್ಟಿನ ಮೇಲೆ ಹೊಸ ಹನುಮಪ್ಪನನ್ನು ಮಾಡಿದೆವು. ಐದು ಅಡಿ, ಒಣಗಿದ ಮೇಲೆ ಆರು ಕಿಲೋ. ಗುಡ್ಡ ಥರ್ಮಾಕೋಲ್‌ನದು. ನಾಲ್ಕು ಗಡಗಡಿ, ಎರಡು ತಂತಿ. ನಿನ್ನೆ ರಾತ್ರಿ ಗುಡಿಯ ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿ ಬಿಟ್ಟೆವು. ಮುಖ ನೆಟ್ಟಗೆ, ಎದೆ ಸೆಟೆದು ಬಂದ. ಎಂಟು ಸಲ ಬಿಟ್ಟೆವು, ಐದು ಸಲ ಸರಿಯಾಗಿ ಬಂದ. ಮೂರು ಸಲ ಬಾಲ ತಂತಿಗೆ ಸಿಕ್ಕಿಕೊಂಡು ನಿಂತ. ಕ್ಯಾಪ್ಟನ್ ಮಾರ್ವೆಲ್‌ನಿಗೆ ಬಾಲವಿರಲಿಲ್ಲ, ಲೈಡೆಕರ್ ಸಹೋದರರಿಗೆ ಈ ತಾಪತ್ರಯ ಬಂದಿರಲಿಕ್ಕಿಲ್ಲ.

ಪರದೆ_ಎಳೆದವ (ಗದಗ)

ಬಾಲಕ್ಕೆ ಒಳಗೆ ಕಡ್ಡಿ ಹಾಕಿ ಮೇಲೆತ್ತಿರಬೇಕು ನೀವು. ತೆಗೆದುಹಾಕಿ. ಹಳೆಯ ಧೋತರ ಹೊಸೆದು ಬಾಲ ಮಾಡಿ, ಎರಡು ಕಾಲುಗಳ ನಡುವೆ ಕೆಳಗೆ ಜೋತು ಬೀಳಲಿ. ಗಡಗಡಿಗೆ ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಮತ್ತೆ ಈ ಸಲ ಲಕ್ಷ್ಮಣನನ್ನು ತಂತಿಯ ಕೆಳಗೆ ಮಲಗಿಸಬೇಡಿ, ಎರಡು ಅಡಿ ಪಕ್ಕಕ್ಕೆ ಸರಿಸಿ.