ಪೀಸ್‌ಬಿಲ್ಡಿಂಗ್‌ಗೆ ಯಾವ ಪದ: ಸ್ಥಾಪನೆಯೋ, ನಿರ್ಮಾಣವೋ, ಕಟ್ಟುವುದೋ?

ಬಳಗದವರಿಗೆ ನಮಸ್ಕಾರ.

ಉಡುಪಿಯ ಕಾಲೇಜು ಮಕ್ಕಳಿಗೆಂದು ವಿಶ್ವಸಂಸ್ಥೆಯ ಶಾಂತಿ ಕೆಲಸದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಮೂರು ಪದಗಳ ಹತ್ತಿರ ಬಂದು ಕೆಲಸ ನಿಂತಿದೆ. ಪೀಸ್‌ಕೀಪಿಂಗ್ (ಪಡೆ ನಿಲ್ಲಿಸಿ ಹೊಡೆದಾಟ ತಡೆಯುವುದು), ಪೀಸ್‌ಮೇಕಿಂಗ್ (ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದು), ಪೀಸ್‌ಬಿಲ್ಡಿಂಗ್ (ಆಮೇಲೆ ಶಾಂತಿ ಉಳಿಯುವ ಹಾಗೆ ಮಾಡುವುದು). ಆಗಿನ ಮಹಾ ಕಾರ್ಯದರ್ಶಿ ಬುಟ್ರೋಸ್ ಘಾಲಿ 1992ರ ವರದಿಯಲ್ಲೇ ಇವನ್ನು ಬಿಡಿಸಿ ಹೇಳಿದ್ದರು. ನಮ್ಮಲ್ಲಿ ಮಾತ್ರ ಒಮ್ಮೆ ಶಾಂತಿಪಾಲನೆ, ಒಮ್ಮೆ ಶಾಂತಿ ಸ್ಥಾಪನೆ ಅಂತ ಕೈಗೆ ಸಿಕ್ಕಿದ್ದನ್ನು ಬರೆಯುವ ರೂಢಿ.

ಇದು ಸಣ್ಣ ವಿಷಯ ಅಲ್ಲ. 'ಮಾಲಿಯಿಂದ ಶಾಂತಿ ಸ್ಥಾಪನಾ ಪಡೆ ವಾಪಸ್' ಎಂಬ ಸಾಲನ್ನು ಓದಿದ ಹುಡುಗಿಯೊಬ್ಬಳು "ಹಾಗಾದ್ರೆ ಅಲ್ಲಿ ಶಾಂತಿ ಬಂತಾ ಸರ್?" ಅಂತ ಕೇಳಿದಳು. ಎಲ್ಲಿಂದ ಬರಬೇಕು! ಪಶ್ಚಿಮ ಆಫ್ರಿಕಾದ ಆ ದೇಶದಲ್ಲಿ 2013ರಿಂದ ಇದ್ದ ವಿಶ್ವಸಂಸ್ಥೆಯ ಪಡೆಯನ್ನು 2023ರಲ್ಲಿ ಅಲ್ಲಿನ ಸೇನಾ ಸರ್ಕಾರವೇ ಹೊರಡಿ ಅಂದಿತು. ಅಷ್ಟರಲ್ಲಿ ಫ್ರಾನ್ಸ್ ಸೈನ್ಯ ಜಾಗ ಖಾಲಿ ಮಾಡಿ, ರಷ್ಯಾದ ವಾಗ್ನರ್ ಎಂಬ ಬಾಡಿಗೆ ಸೈನಿಕರ ಗುಂಪು ಬಂದು ಕೂತಿತ್ತು. ಹೊಡೆದಾಟ ನಿಂತಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಗಲಾಟೆಯಾದಾಗ ಪೊಲೀಸ್ ತುಕಡಿ ಬಂದು ಸರ್ಕಲ್‌ನಲ್ಲಿ ನಿಲ್ಲುವುದು ಒಂದು, ಎರಡೂ ಕಡೆಯ ಮುಖಂಡರನ್ನು ಕರೆದು ಶಾಂತಿ ಸಭೆ ಮಾಡುವುದು ಇನ್ನೊಂದು, ಆಮೇಲೆ ವರ್ಷಗಟ್ಟಲೆ ಒಬ್ಬರ ಅಂಗಡಿಗೆ ಒಬ್ಬರು ಹೋಗುವ ಹಾಗೆ, ಮಕ್ಕಳು ಒಂದೇ ಬೆಂಚಲ್ಲಿ ಕೂರುವ ಹಾಗೆ ಮಾಡುವುದು ಮತ್ತೊಂದು. ಈ ಮೂರನೆಯದಕ್ಕೇ ನನಗೆ ಪದ ಬೇಕಾಗಿರುವುದು.

ದುಡ್ಡಿನ ಲೆಕ್ಕದಲ್ಲೂ ಇವು ಬೇರೆ. ಶಾಂತಿಪಾಲನೆಯ ಹಣವನ್ನು ಎಲ್ಲ ಸದಸ್ಯ ದೇಶಗಳೂ ಪಾಲಿನಂತೆ ಕೊಡಲೇಬೇಕು. ಅದರಲ್ಲಿ ಅಮೆರಿಕ ಮತ್ತು ಚೀನಾ ಎರಡರದ್ದೇ ಹತ್ತಿರ ಹತ್ತಿರ ಅರ್ಧ. ಆ ಹಣ ಸರಿಯಾಗಿ ಬಾರದೆ, 2025ರ ಅಕ್ಟೋಬರ್‌ನಲ್ಲಿ 9 ಕಾರ್ಯಾಚರಣೆಗಳ ಸುಮಾರು ಕಾಲು ಭಾಗ ಪಡೆಯನ್ನು ವಾಪಸ್ ಕರೆಸುವುದಾಗಿ ವಿಶ್ವಸಂಸ್ಥೆ ಹೇಳಿತು. ಪೀಸ್‌ಬಿಲ್ಡಿಂಗ್‌ಗೆ 2005ರಲ್ಲಿ ಬೇರೆಯೇ ಆಯೋಗ ಆಯಿತು, ಒಂದು ನಿಧಿಯೂ ಬಂತು. ಆದರೆ ಆ ನಿಧಿ ಬಹುಪಾಲು ದೇಶಗಳು ತಾವಾಗಿ ಕೊಟ್ಟ ದುಡ್ಡಿನಲ್ಲೇ ನಡೆಯುತ್ತದೆ. ಕೊಡುವವರು ಕೈ ಹಿಂದೆ ತೆಗೆದರೆ ಯಾವ ಕೆಲಸಕ್ಕೆ ಏನು ಪೆಟ್ಟು ಅಂತ ಒಂದೇ ಪದ ಇಟ್ಟುಕೊಂಡು ಹೇಳುವುದು ಹೇಗೆ?

ನನ್ನ ಮನಸ್ಸಿನಲ್ಲಿರುವುದು ಹೀಗೆ: ಕೀಪಿಂಗ್‌ಗೆ ಶಾಂತಿಪಾಲನೆ, ಮೇಕಿಂಗ್‌ಗೆ ಸಂಧಾನ, ಬಿಲ್ಡಿಂಗ್‌ಗೆ ಶಾಂತಿ ಕಟ್ಟುವ ಕೆಲಸ. 'ಶಾಂತಿ ನಿರ್ಮಾಣ' ಅಂದರೆ ಯಾಕೋ ಕಾಮಗಾರಿ ಅಂದಂತೆ ಕೇಳುತ್ತದೆ. ಸ್ಥಾಪನೆ ಬೇಡವೇ ಬೇಡ. ಅದರಲ್ಲಿ ಕೆಲಸ ಮುಗಿಯಿತು ಎಂಬ ಧ್ವನಿ ಇದೆ.

ಜೊತೆಗೆ ಇನ್ನೊಂದು. ದೇಶಗಳ ನಡುವಿನ 'ಪವರ್ ಶಿಫ್ಟ್'ಗೆ 'ಅಧಿಕಾರ ಪಲ್ಲಟ' ಅಂತ ಬರೆದರೆ ಸರ್ಕಾರ ಬಿದ್ದ ಹಾಗೆ ಆಗುತ್ತದೆ. ಚುನಾವಣೆ ಸುದ್ದಿಯಲ್ಲಿ ದಿನಾ ಓದುವ 'ಬಲಾಬಲ' ಇಲ್ಲಿಗೂ ಹೊಂದುತ್ತದೆ, ಅಲ್ವಾ? ಉದಾಹರಣೆಗೆ, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾಯರು 1950ರ ಜೂನ್‌ನಲ್ಲಿ ಭಾರತದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಕೊರಿಯಾ ಯುದ್ಧ ಶುರುವಾದದ್ದು ಆಗಲೇ. ಸೋವಿಯತ್ ಒಕ್ಕೂಟ ಸಭೆಗೆ ಬಹಿಷ್ಕಾರ ಹಾಕಿದ್ದರಿಂದ ಅದರ ವೀಟೊ (ನಿರ್ಣಯ ತಡೆಯುವ ಮತ) ಬೀಳಲಿಲ್ಲ, ದಕ್ಷಿಣ ಕೊರಿಯಾಕ್ಕೆ ನೆರವಾಗುವ ನಿರ್ಣಯ ಪಾಸಾಯಿತು. 'ಆವತ್ತಿನ ಬಲಾಬಲ ಹಾಗಿತ್ತು' ಅಂದರೆ ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಮೂರನೆಯ ಕೆಲಸಕ್ಕೆ, ಅಂದರೆ ಶಾಂತಿ ಕಟ್ಟುವುದಕ್ಕೆ, ತುಳು, ಬ್ಯಾರಿ, ಕೊಂಕಣಿಯಲ್ಲಿ ಹಿರಿಯರು ಆಡುವ ಮಾತೇನಾದರೂ ಇದ್ದರೆ ಬಳಕೆಯ ವಾಕ್ಯದ ಸಮೇತ ತಿಳಿಸಿ. ಟಿಪ್ಪಣಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ದೊಡ್ಡ ಉಪಕಾರ.