ರೋಮ್, ಇಸ್ತಾಂಬುಲ್ ನೋಡಲು ಗೈಡ್ ಜೊತೆ ಹೋಗಬೇಕಾ, ನಾವೇ ಸುತ್ತಬಹುದಾ? ಫುಡ್ ಟೂರ್ ಬಗ್ಗೆಯೂ ಹೇಳಿ

ನಡೆದೇ_ನೋಡು:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಅಮ್ಮ ಏಪ್ರಿಲ್‌ನಲ್ಲಿ ಎಂಟು ದಿನದ ಪ್ರವಾಸ ಹೊರಟಿದ್ದೇವೆ. ನಾಲ್ಕು ದಿನ ರೋಮ್, ನಾಲ್ಕು ದಿನ ಇಸ್ತಾಂಬುಲ್. ಅಮ್ಮನಿಗೆ 63 ವರ್ಷ. ಚೆನ್ನಾಗಿ ನಡೆಯುತ್ತಾರೆ, ಆದರೆ ಒಂದೇ ಕಡೆ ತುಂಬಾ ಹೊತ್ತು ನಿಂತರೆ ಮಂಡಿ ನೋವು ಶುರುವಾಗುತ್ತದೆ. ಇಬ್ಬರೂ ಮಾಂಸ ತಿನ್ನುವುದಿಲ್ಲ.

ಹಿಂದೊಮ್ಮೆ ಬೇರೆ ಒಂದು ಹಳೆಯ ನಗರದಲ್ಲಿ ಗೈಡ್ ಟೂರ್ ತಗೊಂಡು ತುಂಬಾ ಬೇಜಾರಾಗಿತ್ತು. ನಲವತ್ತು ಜನರ ಗುಂಪು, ಹಿಂದೆ ಇದ್ದವರಿಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದೆಲ್ಲ ರಾಜರ ಹೆಸರು ಮತ್ತು ಇಸವಿ. ಕೊನೆಗೆ ಒಂದು ಕಾರ್ಪೆಟ್ ಅಂಗಡಿಯಲ್ಲಿ ಒಂದು ಗಂಟೆ ಕೂರಿಸಿದರು. ಅಮ್ಮ ಈಗಲೂ ಗೈಡ್ ಅಂದರೆ ಬೇಡ ಅನ್ನುತ್ತಾರೆ. ಆದರೆ ಏನೂ ತಿಳಿಯದೆ ಸುಮ್ನೆ ಕಲ್ಲು ನೋಡಿಕೊಂಡು ಬರಲು ನನಗೆ ಮನಸ್ಸಿಲ್ಲ. ಇತಿಹಾಸದ ನಡಿಗೆ, ಫುಡ್ ಟೂರ್ ಎರಡನ್ನೂ ಬೇರೆ ಬೇರೆ ತಗೊಳ್ಳಬೇಕಾ? ಸಸ್ಯಾಹಾರಿಗಳಿಗೆ ಫುಡ್ ಟೂರ್‌ನಿಂದ ಏನಾದರೂ ಉಪಯೋಗ ಇದೆಯಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹಳೇಬೀದಿ:

ಎರಡನ್ನೂ ಬೇರೆ ಅಂದುಕೊಳ್ಳಬೇಡಿ. ಹಳೆಯ ನಗರದಲ್ಲಿ ಊಟದ ಕಥೆಯೂ ಊರಿನ ಕಥೆಯೂ ಒಂದೇ. ಇದು ನನಗೆ ಅರ್ಥವಾಗಿದ್ದು ರೋಮ್‌ನಲ್ಲೇ, ಅದೂ ಟೆಸ್ಟಾಚೊ ಅನ್ನುವ ಬಡಾವಣೆಯಲ್ಲಿ.

ಅಲ್ಲಿ ಸುಮಾರು 35 ಮೀಟರ್ ಎತ್ತರದ ಒಂದು ಗುಡ್ಡ ಇದೆ. ಹುಲ್ಲು, ಗಿಡ ಬೆಳೆದಿದೆ, ದೂರದಿಂದ ನೋಡಿದರೆ ಮಾಮೂಲಿ ಗುಡ್ಡ. ಹತ್ತಿರ ಹೋದರೆ ಪೂರ್ತಿ ಒಡೆದ ಮಡಕೆ ಚೂರು! ರೋಮನ್ ಕಾಲದಲ್ಲಿ ಸ್ಪೇನ್‌ನ ದಕ್ಷಿಣ ಭಾಗದಿಂದ, ಉತ್ತರ ಆಫ್ರಿಕಾದಿಂದ ಆಲಿವ್ ಎಣ್ಣೆ ದೊಡ್ಡ ದೊಡ್ಡ ಮಣ್ಣಿನ ಜಾಡಿಗಳಲ್ಲಿ ಬರುತ್ತಿತ್ತು, ನದಿ ದಡದ ಬಂದರಿನಲ್ಲಿ ಇಳಿಸಿ ಖಾಲಿ ಮಾಡುತ್ತಿದ್ದರು, ಆ ಜಾಡಿ ಎಣ್ಣೆ ಹೀರಿಕೊಂಡು ಕಮಟು ವಾಸನೆ ಬರುತ್ತಿದ್ದರಿಂದ ಮತ್ತೆ ಬಳಸಲು ಆಗುತ್ತಿರಲಿಲ್ಲ, ಅದಕ್ಕೆ ಒಡೆದು ಒಂದರ ಮೇಲೊಂದು ಜೋಡಿಸಿ ವಾಸನೆ ಹೋಗಲಿ ಎಂದು ಸುಣ್ಣ ಹಾಕುತ್ತಿದ್ದರು. ಕೆಲವು ಚೂರುಗಳ ಮೇಲೆ ತೂಕ, ವ್ಯಾಪಾರಿಯ ಹೆಸರು ಈಗಲೂ ಓದಬಹುದು. ಒಂದು ನಗರ ಎಷ್ಟು ಎಣ್ಣೆ ತಿಂದಿತು ಅನ್ನುವ ಲೆಕ್ಕ ಗುಡ್ಡವಾಗಿ ನಿಂತಿದೆ, ಅಲ್ವಾ?

ಆಮೇಲೆ ಜನ ಅದೇ ಗುಡ್ಡದ ಬುಡ ಕೊರೆದು ವೈನ್ ಇಡಲು ತಂಪಾದ ನೆಲಮಾಳಿಗೆ ಮಾಡಿಕೊಂಡರು. ಈಗ ಅಲ್ಲಿ ಊಟದ ಹೋಟೆಲ್‌ಗಳಿವೆ, ಕೆಲವುದರಲ್ಲಿ ಗಾಜಿನ ಹಿಂದೆ ಆ ಚೂರುಗಳು ಕಾಣುತ್ತವೆ. ಪಕ್ಕದಲ್ಲೇ 19ನೇ ಶತಮಾನದ ಕೊನೆಯಲ್ಲಿ ದೊಡ್ಡ ಕಸಾಯಿಖಾನೆ ಕಟ್ಟಿದರು, 1975ರವರೆಗೂ ನಡೆಯಿತು. ಒಳ್ಳೆಯ ಮಾಂಸ ಶ್ರೀಮಂತರಿಗೆ, ಉಳಿದ ಬೋಟಿ, ಬಾಲ, ಗುಂಡಿಗೆ ಕೆಲಸಗಾರರಿಗೆ. ಅದಕ್ಕೆ ಅವರು ಇಟ್ಟ ಹೆಸರು 'ಐದನೇ ಕಾಲುಭಾಗ', ಅಂದರೆ ನಾಲ್ಕು ಕಾಲುಭಾಗ ಹಂಚಿ ಹೋದ ಮೇಲೆ ಉಳಿದದ್ದು. ರೋಮ್‌ನ ಹೆಸರುವಾಸಿ ಅಡುಗೆಗಳಲ್ಲಿ ಎಷ್ಟೋ ಈ ಬಡವರ ಅಡುಗೆಮನೆಯಿಂದ ಬಂದವು. ನೀವು ಅದನ್ನು ತಿನ್ನಬೇಕಾಗಿಲ್ಲ, ಆದರೆ ಕಥೆ ಕೇಳಲೇಬೇಕು.

ಇದನ್ನೆಲ್ಲ ನಾನೊಬ್ಬನೇ ಹೋಗಿದ್ದರೆ ನೋಡುತ್ತಲೇ ಇರಲಿಲ್ಲ. ಗುಡ್ಡದ ಪಕ್ಕದಲ್ಲೇ ಹಾದು ಮಾರ್ಕೆಟ್‌ಗೆ ಹೋಗಿಬಿಡುತ್ತಿದ್ದೆ. ಗೈಡ್ ಬೇಕಾಗಿರುವುದು ಇದಕ್ಕೆ. ಇದು ಏನು ಎಂದು ಬೋರ್ಡ್ ಓದಿದರೂ ತಿಳಿಯುತ್ತದೆ. ಇದು ಇಲ್ಲೇ ಯಾಕಿದೆ ಎಂದು ಹೇಳಲು ಊರು ಗೊತ್ತಿರುವ ಮನುಷ್ಯ ಬೇಕು.

ಬೆಳಗಿನ_ಸಂತೆ:

ನಾನು ಕೆಲವು ವರ್ಷ ಇಂಥ ನಡಿಗೆಗಳನ್ನು ನಡೆಸಿದ್ದೇನೆ, ಊರಿನ ಹೆಸರು ಬೇಡ. ನಿಮಗೆ ಆದ ಅನುಭವ ಓದಿ ಬೇಸರವಾಯಿತು. ಬುಕ್ ಮಾಡುವ ಮುಂಚೆ ಮೆಸೇಜ್ ಹಾಕಿ ಕೇಳಿ: ಗುಂಪಿನಲ್ಲಿ ಜಾಸ್ತಿ ಅಂದರೆ ಎಷ್ಟು ಜನ? ನಡುವೆ ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ? ಕೂರಲು ಎಲ್ಲೆಲ್ಲಿ ಜಾಗ ಇದೆ? ಮೂರನೆಯದಕ್ಕೆ ನೇರವಾಗಿ ಉತ್ತರ ಕೊಡುವ ಗೈಡ್ ಆ ದಾರಿಯನ್ನು ನಿಜವಾಗಿ ನಡೆದಿದ್ದಾನೆ ಎಂದು ಅರ್ಥ. ಎಂಟು ಹತ್ತು ಜನ ದಾಟಿದರೆ ಫುಡ್ ಟೂರ್‌ನ ರುಚಿ ಹೋಗುತ್ತದೆ. ಪುಟ್ಟ ಅಂಗಡಿಯೊಳಗೆ ಎಲ್ಲರೂ ನಿಲ್ಲಲು ಆಗುವುದಿಲ್ಲ, ಅಂಗಡಿಯವರ ಜೊತೆ ಮಾತೂ ಆಗುವುದಿಲ್ಲ.

ದೊಡ್ಡ ಗುಂಪಿನಿಂದ ಊರಿನವರಿಗೂ ಕಷ್ಟ. ವೆನಿಸ್‌ನಲ್ಲಿ 2024ರಲ್ಲಿ ಗೈಡ್ ಗುಂಪಿಗೆ 25 ಜನರ ಮಿತಿ ಹಾಕಿದರು, ಲೌಡ್‌ಸ್ಪೀಕರ್ ಬಳಸುವಂತಿಲ್ಲ ಎಂದರು. ಆಮ್‌ಸ್ಟರ್‌ಡ್ಯಾಮ್ 2020ರಲ್ಲೇ ಕೆಂಪು ದೀಪದ ಓಣಿಗಳಲ್ಲಿ ಗೈಡ್ ಟೂರ್ ನಿಲ್ಲಿಸಿತು. ಅಲ್ಲಿ ಮನೆ ಮಾಡಿಕೊಂಡಿರುವವರ ಕಿಟಕಿ ಕೆಳಗೆ ದಿನಕ್ಕೆ ಹತ್ತು ಗುಂಪು ನಿಂತರೆ ಅವರು ಬದುಕುವುದು ಹೇಗೆ?

ಇನ್ನು 'ಫ್ರೀ' ಟೂರ್. ಎಷ್ಟೋ ಕಡೆ ಗೈಡ್‌ಗೆ ಸಂಬಳ ಇರುವುದಿಲ್ಲ, ಟಿಪ್ಸ್ ಮಾತ್ರ. ಕೆಲವು ಕಡೆ ಬಂದ ಪ್ರತಿ ತಲೆಗೂ ಅವರೇ ಕಂಪನಿಗೆ ದುಡ್ಡು ಕಟ್ಟಬೇಕು. ಹೋದರೆ ದಯವಿಟ್ಟು ಕೈಬಿಚ್ಚಿ ಕೊಡಿ. ಮತ್ತೆ ಟರ್ಕಿಯಲ್ಲಿ ಗೈಡ್ ಕೆಲಸಕ್ಕೆ ಲೈಸೆನ್ಸ್ ಬೇಕು, ಫೋಟೋ ಇರುವ ಕಾರ್ಡ್ ಕತ್ತಿನಲ್ಲಿ ಹಾಕಿಕೊಂಡಿರುತ್ತಾರೆ. ಹಾಗಿಲ್ಲದೆ ರಸ್ತೆಯಲ್ಲಿ ಬಂದು ಮಾತಾಡಿಸುವವರ ಹಿಂದೆ ಹೋದರೆ ಮತ್ತೆ ಕಾರ್ಪೆಟ್ ಅಂಗಡಿಯೇ.

ಸಾಸಿವೆ_ಡಬ್ಬಿ:

ಸಸ್ಯಾಹಾರಿಗಳಿಗೇ ಫುಡ್ ಟೂರ್ ಜಾಸ್ತಿ ಉಪಯೋಗ ಅನ್ನುವುದು ನನ್ನ ಅನುಭವ, ಯಾಕೆಂದರೆ ಮೊದಲ ದಿನ ಏನು ಕೇಳಬೇಕು ಎಂದು ಕಲಿತರೆ ಉಳಿದ ದಿನ ಹೆದರಿಕೆ ಇಲ್ಲದೆ ತಿನ್ನಬಹುದು. ಟೂರ್ ಬುಕ್ ಮಾಡುವಾಗಲೇ ಹೇಳಿಬಿಡಿ, ಅಲ್ಲಿ ಹೋಗಿ ಹೇಳಿದರೆ ಬರೀ ಬ್ರೆಡ್ ಸಿಗುತ್ತದೆ.

ಇಸ್ತಾಂಬುಲ್‌ನಲ್ಲಿ ಒಂದು ಪದ ನೆನಪಿಡಿ: 'ಜೆಯ್ತಿನ್‌ಯಾಲಿ' (zeytinyağlı). ಆಲಿವ್ ಎಣ್ಣೆಯಲ್ಲಿ ಮಾಡಿ ತಣ್ಣಗೆ ಬಡಿಸುವ ಪಲ್ಯದಂಥ ಅಡುಗೆ. ಬೀನ್ಸ್, ಬದನೆಕಾಯಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಇವೆಲ್ಲ ಆ ಸಾಲಿನಲ್ಲಿ ಬರುತ್ತವೆ. ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಅದೇ ದ್ರಾಕ್ಷಿ ಎಲೆ ಸುರುಳಿ ಬಿಸಿಯಾಗಿ ಬಂದರೆ ಒಳಗೆ ಖೀಮಾ ಇರಬಹುದು, ಕೇಳಿ. ಬೇಳೆ ಸೂಪ್‌ಗೂ ಕೆಲವರು ಮಾಂಸದ ನೀರು ಹಾಕುತ್ತಾರೆ.

ರೋಮ್‌ನಲ್ಲಿ ಚೀಸ್ ವಿಷಯ. ಅಲ್ಲಿನ ಪೆಕೊರಿನೊ ಚೀಸ್‌ನಲ್ಲಿ ಹಾಲು ಒಡೆಯಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಪಾರ್ಮೆಸಾನ್‌ನಲ್ಲಿ ಕರುವಿನದ್ದು. ಕೆಲವು ಸಸ್ಯಾಹಾರಿಗಳಿಗೆ ಇದು ಪರವಾಗಿಲ್ಲ, ಕೆಲವರಿಗೆ ಆಗುವುದೇ ಇಲ್ಲ. ಅಮ್ಮನಿಗೆ ಮುಂಚೆಯೇ ಹೇಳಿ, ಅವರೇ ತೀರ್ಮಾನ ಮಾಡಲಿ. ತಿಂದ ಮೇಲೆ ಗೊತ್ತಾದರೆ ನೋವಾಗುತ್ತದೆ.

ಏಪ್ರಿಲ್‌ನಲ್ಲಿ ಆರ್ಟಿಚೋಕ್ ಇನ್ನೂ ಸಿಗುತ್ತದೆ. ಹೂವಿನ ಮೊಗ್ಗಿನಂಥ ತರಕಾರಿ, ಇಡಿಯಾಗಿ ಎಣ್ಣೆಯಲ್ಲಿ ಎರಡು ಸಲ ಕರಿದು ಎಸಳು ಗರಿಗರಿಯಾಗಿ ಬಿಚ್ಚಿಕೊಂಡಿರುತ್ತದೆ. ಅದು ರೋಮ್‌ನ ಯಹೂದಿಗಳ ಅಡುಗೆ. 1555ರಲ್ಲಿ ಪೋಪ್ ಆಜ್ಞೆ ಮಾಡಿ ಅವರನ್ನು ನದಿ ಪಕ್ಕದ ಸಣ್ಣ ಜಾಗದಲ್ಲಿ ಗೋಡೆ ಕಟ್ಟಿ ಇರಿಸಿದರು. ಸುಮಾರು ಮುನ್ನೂರು ವರ್ಷ. ಆ ಓಣಿಯಲ್ಲೇ ಕೂತು ತಿನ್ನಿ.

ದಾರಿತಪ್ಪಿದವ:

ಎಲ್ಲರೂ ಗೈಡ್ ಪರ ಹೇಳಿದ್ದಾರೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾಲ್ಕೂ ದಿನ ಗೈಡ್ ಬೇಡ. ಒಂದು ನಗರಕ್ಕೆ ಒಂದೇ ನಡಿಗೆ, ಅದೂ ಮೊದಲ ಇಲ್ಲವೇ ಎರಡನೇ ದಿನ, ಮೂರು ಗಂಟೆ ಸಾಕು.

ಮೊರಾಕೊದ ಫೆಸ್‌ನ ಹಳೆಯ ಊರಿನಲ್ಲಿ ನಾನು ಮೊದಲ ದಿನ ಒಬ್ಬನೇ ಓಡಾಡಿದೆ. ಅಲ್ಲಿ ಕಾರು ಬರುವುದಿಲ್ಲ, ಸಾಮಾನೆಲ್ಲ ಕತ್ತೆ ಮೇಲೆ, 'ಬಾಲಕ್, ಬಾಲಕ್' (ದಾರಿ ಬಿಡಿ) ಎಂದು ಕೂಗಿದರೆ ಗೋಡೆಗೆ ಒತ್ತಿ ನಿಲ್ಲಬೇಕು. ದಾರಿ ತಪ್ಪಿ ನಿಂತಿದ್ದಾಗ ಒಬ್ಬ ಹುಡುಗ ಹಲಗೆ ಮೇಲೆ ಹಿಟ್ಟಿನ ಉಂಡೆ ಇಟ್ಟುಕೊಂಡು, ಮೇಲೆ ಬಟ್ಟೆ ಮುಚ್ಚಿ ಹೋಗುತ್ತಿದ್ದ. ಹಿಂದೆ ಹೋದೆ. ಓಣಿಯ ಕೊನೆಯಲ್ಲಿ ಸೌದೆ ಒಲೆ, ಸುತ್ತಲಿನ ಮನೆಗಳ ರೊಟ್ಟಿ ಎಲ್ಲ ಅಲ್ಲೇ ಬೇಯುತ್ತಿತ್ತು. ಮರುದಿನ ಗೈಡ್ ಜೊತೆ ಹೋದಾಗ ಅದನ್ನು ಹೇಳಿದೆ. ಪ್ರತಿ ಕೇರಿಗೂ ಒಂದು ಮಸೀದಿ, ಒಂದು ನಲ್ಲಿ, ಒಂದು ಸ್ನಾನದ ಮನೆ, ಒಂದು ಶಾಲೆ, ಒಂದು ಒಲೆ ಎಂದು ಲೆಕ್ಕ ಇಟ್ಟು ಊರು ಕಟ್ಟಿದ್ದಾರೆ ಎಂದು ಅವರು ತೋರಿಸಿದರು. ಒಲೆ ನಾನೇ ಕಂಡಿದ್ದರಿಂದ ಅವರ ಮಾತು ಮನಸ್ಸಿಗೆ ಹಿಡಿಸಿತು. ನೀವೂ ಒಂದು ಸಂಜೆ ಖಾಲಿ ಇಟ್ಟುಕೊಳ್ಳಿ, ಅಮ್ಮನ ಕೈ ಹಿಡಿದು ಸುಮ್ನೆ ನಡೆಯಿರಿ. ಆಮೇಲೆ ಗೈಡ್ ಹತ್ತಿರ ನಿಮ್ಮದೇ ಪ್ರಶ್ನೆಗಳಿರುತ್ತವೆ.

ನಡೆದೇ_ನೋಡು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಮಡಕೆ ಗುಡ್ಡ ನೋಡಲೇಬೇಕಂತೆ! ಟೆಸ್ಟಾಚೊಗೆ ಸಣ್ಣ ಗುಂಪಿನ ಟೂರ್ ಹುಡುಕುತ್ತಿದ್ದೇನೆ. ಚೀಸ್ ಬೇಡ ಅಂದರು. ಇಸ್ತಾಂಬುಲ್‌ನಲ್ಲಿ ಜಾಸ್ತಿ ನಿಲ್ಲದೆ ನೋಡುವ ದಾರಿ ಯಾವುದಾದರೂ ಇದೆಯಾ?

ಹಳೇಬೀದಿ:

ಇದೆ. ಬೆಳಿಗ್ಗೆ ಎಮಿನೊನು ಹತ್ತಿರದ ಮಸಾಲೆ ಮಾರ್ಕೆಟ್‌ನಿಂದ ಶುರು ಮಾಡುವ, ನಡುವೆ ಹಡಗಿನಲ್ಲಿ ಏಷ್ಯಾ ದಡಕ್ಕೆ ಹೋಗುವ ಫುಡ್ ಟೂರ್ ಹುಡುಕಿ. ಆ ಮಾರ್ಕೆಟ್ ಕಟ್ಟಿದ್ದು 1660ರ ದಶಕದಲ್ಲಿ, ಪಕ್ಕದ ಹೊಸ ಮಸೀದಿಯ ಖರ್ಚಿಗೆ ಅಂಗಡಿಗಳ ಬಾಡಿಗೆ ಬರಲಿ ಎಂದು. ಒಳಗೆ ಜನ ಜಾಸ್ತಿ, ಅರ್ಧ ಗಂಟೆ ಸಾಕು. ಆಮೇಲೆ ಏಷ್ಯಾ ದಡದ ಕಡಿಕೊಯ್‌ಗೆ ಹೋಗುವ ಹಡಗು, ಸುಮಾರು 20 ನಿಮಿಷ, ಆರಾಮಾಗಿ ಕೂರಬಹುದು. ಹೋಗುವಾಗ ಬಲಗಡೆ ಕೂರಿ. ಟೋಪ್‌ಕಾಪಿ ಅರಮನೆ, ಅದರ ಹಿಂದೆ ಹಾಗಿಯಾ ಸೋಫಿಯಾ ಒಂದರ ಪಕ್ಕ ಒಂದು ಕಾಣುತ್ತವೆ. ಕಡಿಕೊಯ್ ಅಂದರೆ ಹಿಂದಿನ ಕಾಲ್ಸಿಡನ್ ಅನ್ನುವ ಗ್ರೀಕರ ಊರು. ಎದುರಿಗೇ, ಈಗ ಹಳೆಯ ಇಸ್ತಾಂಬುಲ್ ಇರುವ ಕಡೆ, ಅಷ್ಟು ಚೆಂದದ ಜಾಗ ಇದ್ದರೂ ಈ ದಡದಲ್ಲಿ ಊರು ಕಟ್ಟಿದವರು ಕುರುಡರೇ ಇರಬೇಕು ಎಂದು ಗ್ರೀಕರ ಕಾಲದಿಂದ ಒಂದು ಮಾತಿದೆ. ಹಡಗು ತಿರುಗುವಾಗ ಅಮ್ಮನಿಗೆ ಆ ಮಾತು ಹೇಳಿ, ಎರಡೂ ದಡ ಒಟ್ಟಿಗೆ ಕಾಣುವುದು ಆಗಲೇ.