ಮಂಗನ ಕಾಯಿಲೆಯ ಸಂಶೋಧನೆಗೆ ನಮ್ಮ ಊರು ಯಾವ ಷರತ್ತಿನ ಮೇಲೆ ಒಪ್ಪಬೇಕು?

ಬೆಟ್ಟದಂಚು (ಸಿದ್ದಾಪುರ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ರಕ್ತ ಹೀರುವ ಉಣುಗು ಕಚ್ಚಿ ಬರುವ ಜ್ವರವಾದ ಮಂಗನ ಕಾಯಿಲೆಯನ್ನು ಶಿರಸಿ, ಸಿದ್ದಾಪುರದ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆ ಕೊಯ್ಲು ನಡೆಯುತ್ತಿರುವಾಗಲೇ ಉಣುಗಿನ ಕಾಲವೂ ಶುರುವಾಗುತ್ತದೆ. ಕೊಟ್ಟಿಗೆಗೆ ದರಕು (ಒಣಗಿದ ಎಲೆ), ಸೊಪ್ಪು ತರದೆ ತೋಟ ನಡೆಯುವುದಿಲ್ಲವಾದ್ದರಿಂದ ಬೆಟ್ಟಕ್ಕೆ ಹೋಗಬೇಡಿ ಎಂಬ ಸಲಹೆಯನ್ನು ಇಲ್ಲಿ ಯಾರೂ ಪಾಲಿಸಲಾರರು.

ಸರಕಾರಿ ಅನುದಾನದಿಂದ ನಡೆಯುವ ಸಂಶೋಧನಾ ಯೋಜನೆಯೊಂದರ ತಂಡ ಈಚೆಗೆ ನಮ್ಮ ಪಂಚಾಯ್ತಿಯನ್ನು ಸಂಪರ್ಕಿಸಿದೆ. ತಂಡದಲ್ಲಿ ವೈದ್ಯರು, ಪಶುವೈದ್ಯರು, ಕಾಡಿನ ಅಧ್ಯಯನ ಮಾಡುವವರು, ಸಮಾಜಶಾಸ್ತ್ರಜ್ಞರು, ಹೀಗೆ ಬೇರೆ ಬೇರೆ ಸಂಸ್ಥೆಗಳವರಿದ್ದಾರೆ. ಬೆಟ್ಟದಲ್ಲಿ ಉಣುಗು ಸಂಗ್ರಹಿಸುವುದಕ್ಕೆ, ದನಗಳ ರಕ್ತದ ಮಾದರಿ ತೆಗೆಯುವುದಕ್ಕೆ ಮತ್ತು ಮನೆ ಮನೆಗೆ ಬಂದು ಮಾತನಾಡುವುದಕ್ಕೆ ಅವರು ಒಪ್ಪಿಗೆ ಕೇಳಿದ್ದಾರೆ. ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಹಿಂದೆಯೂ ಫಾರ್ಮು ತುಂಬಿಸಿಕೊಂಡು ಹೋದವರಿದ್ದಾರೆ, ಫಲಿತಾಂಶವನ್ನು ತಿರುಗಿ ಬಂದು ಹೇಳಿದವರಿಲ್ಲ ಎನ್ನುವುದು ಹಿರಿಯರ ಆಕ್ಷೇಪ. ಒಂದು ಜ್ವರಕ್ಕೆ ಇಷ್ಟೊಂದು ಸಂಸ್ಥೆಗಳೇಕೆ, ಆ ಹಣವನ್ನು ಲಸಿಕೆಗೇ ಹಾಕಬಾರದೇಕೆ ಎನ್ನುವುದು ಹುಡುಗರ ಪ್ರಶ್ನೆ. ಗ್ರಾಮಸಭೆಯಲ್ಲಿ ಈ ವಿಷಯ ಬರುವ ಮೊದಲು, ಒಪ್ಪುವುದಾದರೆ ಏನೇನು ಕೇಳಿಕೊಳ್ಳಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ನಿವೃತ್ತ ಪಶುವೈದ್ಯ (ಕುಮಟಾ) ಬರೆದದ್ದು:

ಹುಡುಗರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಈ ಕಾಯಿಲೆಯ ಚರಿತ್ರೆಯಲ್ಲೇ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಪತ್ತೆ ಮಾಡಿದರು. ಅದು ರಷ್ಯಾದ ಉಣುಗು ಜ್ವರದ ವೈರಸ್ಸಿಗೆ ಹತ್ತಿರದ್ದಾಗಿದ್ದರಿಂದ, ವಲಸೆ ಹಕ್ಕಿಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಹುಟ್ಟಿ, ಪಕ್ಷಿತಜ್ಞರೂ ಇದರಲ್ಲಿ ಸೇರಬೇಕಾಯಿತು. ಜ್ವರವೊಂದರ ಮೂಲ ಹುಡುಕುತ್ತ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರೆಗೆ ಕೆಲಸ ಬೆಳೆಯಿತೆಂದರೆ ಇಂದಿನವರಿಗೆ ಸೋಜಿಗವೆನಿಸೀತು.

ಕಾಯಿಲೆಯ ಸ್ವಭಾವವೇ ಹಾಗಿದೆ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮರಿಯಾಗಿದ್ದಾಗ ಇಲಿ, ಹಕ್ಕಿ, ಮಂಗಗಳ ಮೈಮೇಲೂ, ಬೆಳೆದಾಗ ದನಗಳಂಥ ದೊಡ್ಡ ಪ್ರಾಣಿಗಳ ಮೈಮೇಲೂ ರಕ್ತ ಕುಡಿಯುತ್ತದೆ. ದನಗಳಿಗೆ ಇದರಿಂದ ಕಾಯಿಲೆಯಾಗುವುದಿಲ್ಲ, ಅವು ವೈರಸ್ಸನ್ನು ಹೆಚ್ಚಿಸುವುದೂ ಇಲ್ಲ. ಆದರೆ ಕಾಡಿನಲ್ಲಿ ಮೇಯುವ ದನಗಳಿಂದ ಉಣುಗಿನ ಸಂಖ್ಯೆ ಹೆಚ್ಚುತ್ತದೆ. ಹೀಗಿರುವಾಗ ಜ್ವರ ಆರೋಗ್ಯ ಇಲಾಖೆಯ ಪಾಲಿಗೆ, ದನ ನಮ್ಮ ಇಲಾಖೆಯ ಪಾಲಿಗೆ, ಸತ್ತ ಮಂಗ ಅರಣ್ಯ ಇಲಾಖೆಯ ಪಾಲಿಗೆ ಎಂದು ಹಂಚಿಕೊಂಡು ಕುಳಿತರೆ ಸಂಬಂಧದ ಎಳೆ ಯಾರ ಕೈಗೂ ಸಿಗುವುದಿಲ್ಲ. ಸೇವೆಯಲ್ಲಿದ್ದಷ್ಟು ಕಾಲವೂ ಇದನ್ನು ನಾನು ಕಂಡಿದ್ದೇನೆ.

ಬ್ರಿಟನ್ನಿನ ಸಾರ್ವಜನಿಕ ಸಂಶೋಧನಾ ನಿಧಿಯ ನೆರವಿನಿಂದ ನಡೆದ ‘ಮಂಕಿ ಫೀವರ್ ರಿಸ್ಕ್’ ಯೋಜನೆಯಲ್ಲಿ ಬೆಂಗಳೂರಿನ ನಿವೇದಿ (ಪಶುರೋಗಗಳ ಸಂಶೋಧನಾ ಸಂಸ್ಥೆ), ಏಟ್ರೀ (ಪರಿಸರ ಸಂಶೋಧನಾ ಸಂಸ್ಥೆ), ಸಾರ್ವಜನಿಕ ಆರೋಗ್ಯ ಸಂಸ್ಥೆ ಮುಂತಾದವುಗಳೊಂದಿಗೆ ರಾಜ್ಯದ ಆರೋಗ್ಯ ಇಲಾಖೆಯೂ ಪಾಲುದಾರನಾಗಿತ್ತು. ಮೂರೂ ಇಲಾಖೆಗಳವರೊಂದಿಗೆ ಕುಳಿತು ಅವರು ಅಧ್ಯಯನವನ್ನು ರೂಪಿಸಿದರು. ನಿತ್ಯಹರಿದ್ವರ್ಣ ಕಾಡು ಮತ್ತು ನೆಡುತೋಪುಗಳು ಬೆರೆತಿರುವಲ್ಲಿ, ನಾಟಿ ದನಗಳು ಹೆಚ್ಚಿರುವಲ್ಲಿ ಅಪಾಯ ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಇದು ನಮ್ಮ ಘಟ್ಟದ ಮೇಲಿನ ಊರುಗಳ ವರ್ಣನೆಯೇ ಅಲ್ಲವೇ? ಒಂದೇ ಇಲಾಖೆಯ ಕಡತದಿಂದ ಇಂಥ ನಕ್ಷೆ ಹೊರಡುತ್ತಿರಲಿಲ್ಲ.

ಲಸಿಕೆಯ ಮಾತಿಗೆ ಬಂದರೆ, ಕೋಳಿ ಭ್ರೂಣದ ಜೀವಕೋಶಗಳಿಂದ ತಯಾರಿಸಿದ ಹಳೆಯ ಲಸಿಕೆ 1990ರಿಂದ ಬಳಕೆಯಲ್ಲಿತ್ತು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಡೋಸಿನಿಂದ ಸುಮಾರು ಶೇ. 62ರಷ್ಟು, ಬೂಸ್ಟರ್ ಸೇರಿದರೆ ಸುಮಾರು ಶೇ. 83ರಷ್ಟು ರಕ್ಷಣೆ ಕಂಡುಬಂದಿತ್ತು. ಮುಂದೆ ಅದರ ಸತ್ವವೇ ಪರೀಕ್ಷೆಯಲ್ಲಿ ನಿಲ್ಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಕೈಜೋಡಿಸಿದೆ. ಅದು ಬಂದರೂ ಯಾವ ಊರಿಗೆ ಮೊದಲು ಕೊಡಬೇಕೆಂದು ತೀರ್ಮಾನಿಸಲು ಇಂಥ ಅಧ್ಯಯನವೇ ಬೇಕು.

ಆಶಾ ಕಾರ್ಯಕರ್ತೆ (ಹೊನ್ನಾವರ) ಬರೆದದ್ದು:

ಡಾಕ್ಟರರು ಹೇಳಿದ್ದೆಲ್ಲ ಸರಿ. ಆದರೆ ಇಂಥ ಯೋಜನೆಗಳಲ್ಲಿ ಮನೆ ತೋರಿಸುವ, ಜನರನ್ನು ಸೇರಿಸುವ ಕೆಲಸ ನಮ್ಮಂಥವರ ತಲೆಗೇ ಬರುತ್ತದೆ, ಅದಕ್ಕೆ ಗೌರವಧನದ ಪ್ರಸ್ತಾಪ ಮಾತ್ರ ಇರುವುದಿಲ್ಲ. ಬಜೆಟ್ಟಿನಲ್ಲಿ ಅದು ಇದೆಯೇ ಎಂದು ಮೊದಲೇ ಕೇಳಿ. ಇನ್ನೊಂದು ಮಾತು: ದರಕು ಗುಡಿಸುವವರು, ಕಟ್ಟಿಗೆ ತರುವವರು ಹೆಚ್ಚಾಗಿ ಹೆಂಗಸರು ಮತ್ತು ಕೂಲಿಯವರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದರೆ ಅವರಾರೂ ಬರುವುದಿಲ್ಲ. ಬಂದ ಗಂಡಸರು ಉಣುಗು ಕಚ್ಚದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗುತ್ತೇವೆ ಎಂದು ಬರೆಸಿ ಹೋಗುತ್ತಾರೆ. ಬೆವರಿನಲ್ಲಿ ಜಿಡ್ಡಾಗುತ್ತದೆಂದು ಎಷ್ಟೋ ಬಾಟಲಿಗಳು ಗೋಡೆಯ ಮಾಡದಲ್ಲೇ ಉಳಿದಿರುವುದನ್ನು ತಿಳಿಯಬೇಕಾದರೆ ಅಡುಗೆಮನೆಯವರೆಗೆ ಬಂದು ಕೇಳಬೇಕು.

ಕಾರವಾರದ ಓದುಗ ಬರೆದದ್ದು:

ಕಾಗದಪತ್ರದ ವಿಚಾರ ಸ್ವಲ್ಪ ತಿಳಿದವನಾಗಿ ಹೇಳುತ್ತೇನೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆಗೆ ನೈತಿಕ ಸಮಿತಿಯ ಅನುಮೋದನೆ ಇರಬೇಕು, ಒಪ್ಪಿಗೆ ಪತ್ರ ಜನರಿಗೆ ತಿಳಿಯುವ ಭಾಷೆಯಲ್ಲಿರಬೇಕು ಮತ್ತು ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಗ್ರಾಮಸಭೆ ಒಪ್ಪಿತೆಂದರೆ ಪ್ರತಿ ಮನೆಯೂ ಒಪ್ಪಿದಂತಲ್ಲ ಎಂಬುದನ್ನು ಠರಾವಿನಲ್ಲೇ ಬರೆಸಿ. ವಿದೇಶಿ ಸಂಸ್ಥೆ ಪಾಲುದಾರನಾಗಿದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಆಗಿದೆಯೇ ಎಂದು ಕೇಳಿ. ಸರಕಾರಿ ಸಂಸ್ಥೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಮೂಲಕ ಖರ್ಚಿನ ವಿವರವನ್ನೂ ಪಡೆಯಬಹುದು.

ಅನುದಾನ ಎಲ್ಲಿಯವರೆಗಿದೆ ಎಂಬುದನ್ನೂ ಕೇಳಬೇಕು. 2021ರಲ್ಲಿ ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.7ರಿಂದ ಶೇ. 0.5ಕ್ಕೆ ಇಳಿಸಿದಾಗ ಅಲ್ಲಿನ ಸಂಶೋಧನಾ ನಿಧಿಗೂ ಕತ್ತರಿ ಬಿದ್ದಿತ್ತು. ಹಣ ನಿಂತರೆ ಅದುವರೆಗಿನ ಫಲಿತಾಂಶವನ್ನು ಕನ್ನಡದಲ್ಲಿ ಹೇಳಿ ಹೋಗುವವರು ಯಾರು ಎಂಬುದು ಲಿಖಿತವಾಗಿರಲಿ.

ಬೆಟ್ಟದಂಚು ಮತ್ತೆ ಕೇಳಿದ್ದು:

ಎಲ್ಲರಿಗೂ ಧನ್ಯವಾದಗಳು. ಸಂಗ್ರಹಿಸಿದ ಉಣುಗಿನಲ್ಲಿ ವೈರಸ್ ಇದೆಯೆಂದು ಜನವರಿಯಲ್ಲಿ ತಿಳಿದರೆ ನಮಗೆ ಆಗಲೇ ಹೇಳಬೇಕಲ್ಲವೇ? ಲೇಖನ ಪ್ರಕಟವಾಗುವವರೆಗೆ ಹೇಳುವಂತಿಲ್ಲ ಎಂದು ತಂಡದವರೊಬ್ಬರು ಅಂದರಂತೆ.

ಕಾರವಾರದ ಓದುಗ ಬರೆದದ್ದು:

ಅದನ್ನು ಒಪ್ಪಬೇಡಿ, ನನ್ನ ದೃಷ್ಟಿಯಲ್ಲಿ ಉಳಿದ ಷರತ್ತುಗಳೆಲ್ಲ ಇದರ ನಂತರದವು. 2016ರಲ್ಲಿ ಝಿಕಾ ಹಬ್ಬಿದಾಗ, ಜನರ ಆರೋಗ್ಯಕ್ಕೆ ತುರ್ತಾಗಿ ಬೇಕಾದ ಮಾಹಿತಿಯನ್ನು ಮೊದಲೇ ಹೊರಗೆ ಹೇಳಿದರೆ ಪ್ರಕಟಣೆಗೆ ಅಡ್ಡಿಯಾಗದೆಂದು ಪ್ರಮುಖ ವೈದ್ಯಕೀಯ ಪತ್ರಿಕೆಗಳೂ ಅನುದಾನ ಸಂಸ್ಥೆಗಳೂ ಜಂಟಿ ಹೇಳಿಕೆ ನೀಡಿದ್ದವು. ಮಂಗ ಸತ್ತಲ್ಲಿ ಸುತ್ತ 50 ಮೀಟರ್ ಔಷಧ ಸಿಂಪಡಿಸುವ ಕ್ರಮ ಹೇಗೂ ಇದೆ. ವೈರಸ್ ಇರುವ ಉಣುಗು ಸಿಕ್ಕ ಜಾಗದ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯ್ತಿಗೂ ಎಷ್ಟು ದಿನದೊಳಗೆ ಬರಬೇಕೆಂಬುದನ್ನು ಅಂಕಿಯಲ್ಲೇ ಬರೆಸಿ. ‘ಆದಷ್ಟು ಬೇಗ’ ಎಂದು ಬರೆಯಲು ಬಿಡಬೇಡಿ.